ಅಪರಾಧವಿಲ್ಲದ ಋಣ

ಒಕ್ಕಣ್ಣನನ್ನು ಒಕ್ಕಣ್ಣನೆಂದು, ಕುಂಟನನ್ನು ಕುಂಟನೆಂದು ಕರೆದವನು, ಆಡಿದ ಮಾತು ಯಥಾರ್ಥವೇ ಆಗಿದ್ದರೂ ಕನಿಷ್ಠಪಕ್ಷ 1 ಕಾರ್ಷಾಪಣವನ್ನು ದಂಡವಾಗಿ ತೆರಬೇಕೆಂದು ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ಒಂದು ವಿಧಿಯುಂಟು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಸಂಪಾದಿಸಿ 1909ರಲ್ಲಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವು ಇದೇ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ತಾರತಮ್ಯವನ್ನು ಮಾಡುತ್ತದೆ: ದೇಹದ ಕೊರತೆಯನ್ನು ಹಿಡಿದು ಆಡಿದ ಮಾತು ನಿಜವಾದರೆ 3 ಪಣ, ಸುಳ್ಳಾದರೆ 6 ಪಣ, ಕಣ್ಣಿಲ್ಲದವನನ್ನು ಚೆಲುವಾದ ಕಣ್ಣಿನವನೆಂದು ಹೊಗಳಿಕೆಯ ನೆವದಿಂದ ಹಂಗಿಸಿದರೆ 12 ಪಣ, ಮೈಮರೆತು ಆಡಿದ್ದಾದರೆ ದಂಡದಲ್ಲಿ ಅರ್ಧ. ವರ್ಣವರ್ಣಕ್ಕೂ ಬೇರೆ ಬೇರೆ ಶಿಕ್ಷೆಯನ್ನು ಅಳೆಯುವ ಈ ಗ್ರಂಥಗಳ ಇತರ ವಿಧಿಗಳನ್ನು ಇಂದಿನ ಸಜ್ಜನರು ಯಾರೂ ಒಪ್ಪಲಾರರು, ಒಪ್ಪತಕ್ಕದ್ದೂ ಅಲ್ಲ. ಆದರೂ ಸತ್ಯವೆಂಬುದು ನೋವುಂಟುಮಾಡುವ ಮಾತಿಗೆ ರಕ್ಷಾಕವಚವಾಗದೆಂಬ ಈ ಒಂದು ವಿವೇಕವನ್ನು ಅವುಗಳಲ್ಲಿ ಕಂಡಾಗ ತಲೆಬಾಗಬೇಕೆನಿಸುತ್ತದೆ. ಅದೇ ಮನುಸ್ಮೃತಿಯ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಉಂಟು. ಬಾಲರು, ವೃದ್ಧರು, ರೋಗಪೀಡಿತರು ತನ್ನನ್ನೇ ನಿಂದಿಸಿದರೂ, ತನ್ನ ಹಿತವನ್ನು ಬಯಸುವ ರಾಜನು ಅವರನ್ನು ಕ್ಷಮಿಸತಕ್ಕದ್ದು.

ಈ ಎರಡು ವಿಧಿಗಳ ನಡುವೆ ಒಂದು ತೆರವು ಉಳಿಯಿತು. ದೊಡ್ಡವನು ಆಡಿದರೆ ದಂಡ, ಮಗು ಆಡಿದರೆ ಕ್ಷಮೆ, ಸರಿ. ಆದರೆ ಮಗು ಆಡಿದ ಮಾತಿನಿಂದ ಇನ್ನೊಂದು ಮಗುವಿಗೆ ಆದ ನೋವು, ಆಡಿದವನು ಬಾಲಕನೆಂಬ ಕಾರಣಕ್ಕೆ, ಆಗದೆ ಹೋಗುವುದಿಲ್ಲವಷ್ಟೆ. ಆ ನೋವಿನ ಪಾಲಿಗೆ ಹೊಣೆಗಾರರು ಯಾರು? ಯಾವ ಧರ್ಮಾಧಿಕಾರಿಯ ಮುಂದೆಯೂ ಹೋಗದ ಈ ಪ್ರಶ್ನೆ ಮನೆಮನೆಯ ಹೊಸ್ತಿಲಲ್ಲಿ, ಶಾಲೆಯ ಗೇಟಿನ ಬಳಿ, ಮದುವೆಯ ಛತ್ರದಲ್ಲಿ ನಿತ್ಯವೂ ಎದ್ದು, ಎರಡು ಸಂಸಾರಗಳ ಸ್ನೇಹವನ್ನು ಮುರಿದು, ಉತ್ತರವಿಲ್ಲದೆಯೇ ಮಲಗುತ್ತದೆ.

ನಾನು ಬಲ್ಲ ಒಂದು ಬೀದಿಯಲ್ಲಿ, ವರಮಹಾಲಕ್ಷ್ಮಿಯ ಹಬ್ಬದ ಸಂಜೆ, ಅರಿಸಿನ ಕುಂಕುಮಕ್ಕೆಂದು ಒಂದು ಮನೆಗೆ ಅದರ ಎದುರುಮನೆಯ ಗೃಹಿಣಿಯು ತನ್ನ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಕಪ್ಪು ಬಣ್ಣದವಳು. ಹೊಸ ರೇಷ್ಮೆ ಲಂಗವನ್ನು ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ತನ್ನ ಚೆಲುವಿನಲ್ಲಿ ತಾನೇ ಸಂತೋಷಪಡುತ್ತ ನಿಂತಿದ್ದಳು. ಆ ಮನೆಯ ಐದು ವರ್ಷದ ಹುಡುಗ ಅವಳನ್ನು ದಿಟ್ಟಿಸಿ ನೋಡಿ, ತುಂಬಿದ ಹಜಾರದಲ್ಲಿ ಎಲ್ಲರಿಗೂ ಕೇಳುವಂತೆ, “ನೀನು ಯಾಕೆ ಇಷ್ಟು ಕರ್ರಗಿದೀಯ? ನಿಮ್ಮಮ್ಮ ನಿಂಗೆ ಸ್ನಾನ ಮಾಡ್ಸೋಲ್ವಾ?” ಎಂದು ಕೇಳಿದ. ಕುಳಿತಿದ್ದವರಲ್ಲಿ ಇಬ್ಬರೋ ಮೂವರೋ ನಕ್ಕರು. ಅಂದಿನ ರಾತ್ರಿ ಆ ಹುಡುಗಿ ಬಚ್ಚಲುಮನೆಯಲ್ಲಿ ಕಡಲೆಹಿಟ್ಟನ್ನು ತೋಳಿಗೆ ಸವರಿಕೊಂಡು ಚರ್ಮ ಉರಿಯುವವರೆಗೆ ಉಜ್ಜುತ್ತಿದ್ದುದನ್ನು ತಾಯಿ ಕಂಡಳಂತೆ. ಮರುದಿನ ಬೆಳಗ್ಗೆ ಅವಳು ಎದುರುಮನೆಯ ಬಾಗಿಲಲ್ಲಿ ನಿಂತು, “ನೀವು ಮನೇಲಿ ಆಡಿಕೊಳ್ಳದೆ ಇದ್ದರೆ ಅಷ್ಟು ಸಣ್ಣ ಹುಡುಗನ ಬಾಯಲ್ಲಿ ಆ ಮಾತು ಹೇಗ್ರೀ ಬಂತು?” ಎಂದು ಕೇಳಿದಳು. “ಅಯ್ಯೋ, ಮಗು ಕಣ್ರೀ ಅದು, ಅದಕ್ಕೇನು ಗೊತ್ತಾಗತ್ತೆ? ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಂಡರೆ ಹೇಗೆ?” ಎಂದು ಹುಡುಗನ ತಾಯಿ ಹೇಳಿದಳು. ಅಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಮಾತು ನಿಂತಿತು.

ಎರಡು ಮಾತುಗಳಲ್ಲಿಯೂ ಅರ್ಧರ್ಧ ಸತ್ಯವಿದೆಯೆಂಬುದೇ ಈ ಕಲಹದ ತೊಡಕು. ನೊಂದ ತಾಯಿಯು ನೋವಾಯಿತೆಂಬ ನಿಶ್ಚಯದಿಂದ ಹೊರಟು, ನೋವಾಗಿರುವಲ್ಲಿ ಅಪರಾಧಿಯೊಬ್ಬನು ಇರಲೇಬೇಕೆಂಬ ತೀರ್ಮಾನಕ್ಕೆ ಬಂದಳು. ಅಪರಾಧಿ ಮಗುವಲ್ಲವಾದರೆ ಮಗುವಿನ ಹೆತ್ತವರೇ ಎಂದಳು. ಇತ್ತ ಹುಡುಗನ ತಾಯಿಯು ಅಪರಾಧವಿಲ್ಲವೆಂಬ ನಿಶ್ಚಯದಿಂದ ಹೊರಟು, ಅಪರಾಧವಿಲ್ಲದಲ್ಲಿ ನೋವಿಗೆ ಕಾರಣವೇ ಇಲ್ಲವೆಂಬ ತೀರ್ಮಾನಕ್ಕೆ ಬಂದಳು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ನೀತಿವಿವೇಕವನ್ನು ಕುರಿತು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪರೀಕ್ಷೆಯನ್ನು ವಿವರಿಸುತ್ತಾನೆ: ಬಾಗಿಲು ತೆರೆಯುವಾಗ ಅರಿಯದೆ 15 ಬಟ್ಟಲುಗಳನ್ನು ಒಡೆದ ಹುಡುಗನೊಬ್ಬ, ಕದ್ದು ತಿನ್ನಲು ಕೈಚಾಚಿ 1 ಬಟ್ಟಲನ್ನು ಒಡೆದ ಹುಡುಗನೊಬ್ಬ, ಇವರಲ್ಲಿ ಹೆಚ್ಚು ತಪ್ಪಿತಸ್ಥನು ಯಾರೆಂದು ಕೇಳಿದರೆ, ಚಿಕ್ಕ ಮಕ್ಕಳಲ್ಲಿ ಬಹುಮಂದಿ 15 ಬಟ್ಟಲು ಒಡೆದವನೇ ಎನ್ನುತ್ತಾರೆ, ಬೆಳೆದ ಮಕ್ಕಳು ಉದ್ದೇಶವನ್ನು ನೋಡಿ ತೀರ್ಪು ಕೊಡುತ್ತಾರೆ. ನಮ್ಮ ಕಂದನಿಗೆ ಪೆಟ್ಟಾದಾಗ ನಾವು ಮತ್ತೆ ಬಟ್ಟಲುಗಳನ್ನು ಎಣಿಸುವ ವಯಸ್ಸಿಗೆ ಇಳಿಯುತ್ತೇವೆ. ನಮ್ಮ ಕಂದನಿಂದ ಪೆಟ್ಟಾದಾಗ ಉದ್ದೇಶವೊಂದನ್ನೇ ಹಿಡಿದು, ನೆಲದ ಮೇಲೆ ಬಿದ್ದಿರುವ ಚೂರುಗಳನ್ನು ನೋಡಲೊಲ್ಲೆವು. ಅದೇ ವ್ಯಕ್ತಿಯು ಈ ವಾರ ಒಂದು ಪಕ್ಷದಲ್ಲಿದ್ದು ಬರುವ ವಾರ ಇನ್ನೊಂದು ಪಕ್ಷಕ್ಕೆ ಹೋಗುವುದೂ ಉಂಟು. ಸಿದ್ಧಾಂತ ಬದಲಾದದ್ದರಿಂದಲ್ಲ, ಅಳುತ್ತಿರುವ ಮಗು ಯಾರದ್ದೆಂಬುದು ಬದಲಾದದ್ದರಿಂದ.

ಉದ್ದೇಶವೇ ಕರ್ಮದ ಜೀವವೆಂದು ಬುದ್ಧನು ಬೋಧಿಸಿದನು. ಆ ದೃಷ್ಟಿಯಿಂದ ಹುಡುಗನಿಗೆ ಯಾವ ಕರ್ಮವೂ ಅಂಟಲಿಲ್ಲ. ಜೈನ ದರ್ಶನದ ಮಾರ್ಗ ಸ್ವಲ್ಪ ಬೇರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ಯೆಂಬ ವೃತ್ತಿಯನ್ನು ಬರೆದ, ಕನ್ನಡ ನಾಡಿನೊಡನೆ ಹೆಸರು ಬೆಸೆದಿರುವ ಪೂಜ್ಯಪಾದರು, ಅನೃತವೆಂದರೆ ಏನೆಂಬುದನ್ನು ವಿವರಿಸುತ್ತ, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು, ಇರುವುದನ್ನೇ ಹೇಳಲಿ ಇಲ್ಲದ್ದನ್ನು ಹೇಳಲಿ, ಅಪ್ರಶಸ್ತವೇ ಎನ್ನುತ್ತಾರೆ. ದೋಷವು ಆಡಿದವನಿಗೆ ತಗುಲಬೇಕಾದರೆ ಅವನಲ್ಲಿ ಪ್ರಮಾದವಿರಬೇಕೆಂಬುದೂ ಆ ಸೂತ್ರಗ್ರಂಥದಲ್ಲಿಯೇ ಇದೆ. ಎಚ್ಚರವೆಂದರೇನೆಂದು ಇನ್ನೂ ಅರಿಯದ ಐದು ವರ್ಷದ ಹುಡುಗನಲ್ಲಿ ಎಚ್ಚರಗೇಡಿತನವನ್ನು ಹುಡುಕುವುದು ನ್ಯಾಯವಲ್ಲ. ಹೀಗೆ ಎರಡು ದರ್ಶನಗಳೂ ಹುಡುಗನನ್ನು ಬಿಡುಗಡೆ ಮಾಡುತ್ತವೆ. ಆದರೆ ಪೂಜ್ಯಪಾದರ ವಿವೇಚನೆಯಿಂದ ನಮಗೆ ದೊರೆಯುವ ಹೆಚ್ಚಿನ ಲಾಭವೆಂದರೆ, ಆಡಿದವನು ನಿರ್ದೋಷಿಯಾದಮಾತ್ರಕ್ಕೆ ಆಡಿದ ಮಾತು ನಿರ್ದೋಷವಾಗುವುದಿಲ್ಲವೆಂಬುದು. ಮಾತಿಗೂ ಮಾತಾಡಿದವನಿಗೂ ನಡುವೆ ಈ ಒಂದು ಗೆರೆಯನ್ನು ಎಳೆಯಲು ನಮ್ಮ ಎದುರುಬದುರು ಮನೆಯ ತಾಯಂದಿರಿಬ್ಬರಿಗೂ ಸಾಧ್ಯವಾಗಿದ್ದರೆ ಆ ಬೆಳಗಿನ ಸಂಭಾಷಣೆ ಬೇರೆಯಾಗಿ ನಡೆಯುತ್ತಿತ್ತು.

ಅಪರಾಧಿಯಿಲ್ಲದ ನೋವಿಗೆ ಹೊಣೆ ಹೊರುವುದೆಂದರೆ ಹೇಗೆ? ನಮ್ಮ ಪರಂಪರೆಯಲ್ಲಿ ಇದಕ್ಕೆ ಒಂದು ಕಲ್ಪನೆ ಸಿದ್ಧವಾಗಿಯೇ ಇದೆ. ನಾವು ಅದನ್ನು ಈ ಪ್ರಸಂಗಕ್ಕೆ ತಂದು ನೋಡಿಲ್ಲ, ಅಷ್ಟೆ. ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯಾಗಿ ಹುಟ್ಟುತ್ತಾನೆಂಬ ಭಾವನೆ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಈ ಋಣವನ್ನು ಅವನು ತಾನಾಗಿ ಮಾಡಿಕೊಂಡದ್ದಲ್ಲ, ಯಾವ ದುಂದುಗಾರಿಕೆಯ ಫಲವೂ ಅಲ್ಲ, ಆದರೂ ತೀರಿಸತಕ್ಕದ್ದು. ತೀರಿಸಬೇಕಾಗಿದೆಯೆಂಬುದು ಅವನಿಗೆ ಅವಮಾನವೂ ಅಲ್ಲ. ಅಪರಾಧಕ್ಕೂ ಋಣಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಫುಟವಾಗಿ ಬೇರೆಲ್ಲಿಯೂ ನಾನು ಕಂಡಿಲ್ಲ. ಅಪರಾಧವನ್ನು ಒಪ್ಪಿಕೊಳ್ಳಲು ತಲೆ ತಗ್ಗಿಸಬೇಕು. ಋಣವನ್ನು ಒಪ್ಪಿಕೊಳ್ಳಲು ತಲೆ ತಗ್ಗಿಸಬೇಕಾದ್ದಿಲ್ಲ. ತಂದೆಯು ಮಾಡಿದ ಸಾಲವನ್ನು ಮಗನು ತೀರಿಸಬೇಕಾದ ವಿಷಯವನ್ನು ಧರ್ಮಶಾಸ್ತ್ರಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆ ಸಾಲಕ್ಕಾಗಿ ಮಗನು ಕೆಟ್ಟವನೆಂದು ಅವರಲ್ಲಿ ಯಾರೂ ಹೇಳಲಿಲ್ಲ. ಇಲ್ಲಿ ಅದೇ ಸಂಬಂಧ ದಿಕ್ಕು ತಿರುಗಿ, ಮಗುವಿನ ನಾಲಗೆ ಮಾಡಿದ ಸಾಲವು ಹೆತ್ತವರ ಲೆಕ್ಕಕ್ಕೆ ಬರುತ್ತದೆ.

ಹಾಗೆ ಭಾವಿಸಿದರೆ ಎರಡು ಕಡೆಯ ಗಂಟೂ ಸಡಿಲವಾಗುತ್ತದೆ. ಹುಡುಗನ ತಾಯಿಯು, ತಾನು ಮಗನನ್ನು ಕೆಟ್ಟದಾಗಿ ಬೆಳೆಸಿದೆನೆಂಬ ಸುಳ್ಳನ್ನು ಒಪ್ಪಿಕೊಳ್ಳದೆಯೇ, “ನಿಮ್ಮ ಮಗಳಿಗೆ ನೋವಾಗಿದೆ, ಆ ನೋವು ನಮ್ಮ ಮನೆಯಿಂದ ಬಂತು, ಅದನ್ನು ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ” ಎಂದು ಹೇಳಬಲ್ಲಳು. ಈ ಮಾತನ್ನು ಆಡಲು ಬೇಕಾದ ಧೈರ್ಯ, ತನ್ನ ಮಗನು ದುಷ್ಟನೆಂದು ಒಪ್ಪಲು ಬೇಕಾದ ಧೈರ್ಯದ ನೂರರಲ್ಲೊಂದು ಪಾಲೂ ಅಲ್ಲ. ಹುಡುಗಿಯ ತಾಯಿಯೂ ಅಷ್ಟೆ: ಸಲ್ಲಬೇಕಾದದ್ದನ್ನು ಕೇಳುವ ಹಕ್ಕು ಅವಳಿಗುಂಟು, ಸಾಲಗಾರನ ಮನೆತನವನ್ನು ಹಳಿಯುವ ಹಕ್ಕಿಲ್ಲ, ಸಾಲಕ್ಕೆ ಮೀರಿ ವಸೂಲುಮಾಡುವ ಹಕ್ಕಂತೂ ಇಲ್ಲವೇ ಇಲ್ಲ. ಈ ಕಡೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಇಂತಹ ಪ್ರಸಂಗ ಬಂದಾಗ, ದೂರು ತಂದವರ ಕಣ್ಣೆದುರಿಗೇ ಮಗುವಿನ ಕಿವಿ ಹಿಂಡಿ, ಬೆನ್ನಿಗೆರಡು ಗುದ್ದಿ, “ಸಾರಿ ಕೇಳೋ” ಎಂದು ಗದರಿಸಿ ಲೆಕ್ಕ ಚುಕ್ತಾ ಮಾಡುವ ಪದ್ಧತಿ ಬಲವಾಗಿದೆ. ಕಲಿಸುವ ಉದ್ದೇಶ ಆ ಏಟಿನಲ್ಲಿ ಸ್ವಲ್ಪವೂ ಇಲ್ಲ. ನಾವು ಮರ್ಯಾದಸ್ಥರೆಂದು ಎದುರು ನಿಂತವರಿಗೆ ತೋರಿಸುವುದಷ್ಟೇ ಇದೆ. ಯಾಕೆ ಹೊಡೆದರೆಂದು ಆ ಮಗುವಿಗೆ ತಿಳಿಯದು. ಕಂಡದ್ದನ್ನು ಕೇಳಿದರೆ ಏಟು ಬೀಳುತ್ತದೆಂಬುದೂ, ಆ ಹುಡುಗಿಯ ದೆಸೆಯಿಂದ ತನಗೆ ಏಟು ಬಿತ್ತೆಂಬುದೂ ತಿಳಿಯುತ್ತದೆ. ನಿನ್ನೆಯ ತನಕ ಇಲ್ಲದಿದ್ದ ದ್ವೇಷದ ಮೊದಲ ಬೀಜ ಅಲ್ಲಿ ಬೀಳುತ್ತದೆ.

ಆ ಹುಡುಗನ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಟವಾಡಿ ಬಂದ ಸಂಜೆ ಅವನ ಕೈಕಾಲು ಕಪ್ಪಾಗಿರುತ್ತದೆ, ಅಮ್ಮ ನೀರು ಹಾಕಿ ತಿಕ್ಕಿದರೆ ಕಪ್ಪು ಹೋಗುತ್ತದೆ. ಆದುದರಿಂದ ಕಪ್ಪಾಗಿರುವವರಿಗೆ ಯಾರೋ ನೀರು ಹಾಕಿಲ್ಲ. ಇದು ಅನುಮಾನಪ್ರಮಾಣ, ಹೇತು ದುಷ್ಟವಾದರೂ ಕ್ರಮ ಶುದ್ಧವಾಗಿದೆ. ಅದರಲ್ಲಿ ತಿರಸ್ಕಾರದ ಲೇಶವೂ ಇಲ್ಲ. ಅವಳಿಗೆ ಸ್ನಾನ ಮಾಡಿಸುವವರಿಲ್ಲವೆ ಎಂಬ ಕನಿಕರವೇ ಇದ್ದಿರಲೂಬಹುದು. ಹುಡುಗಿಯ ತಾಯಿಯು ತಿಳಿದುಕೊಂಡಂತೆ ಆ ಮಾತು ಆ ಮನೆಯ ದೊಡ್ಡವರ ಬಾಯಿಂದ ಬಂದಿರಬೇಕಾದ್ದೇನಿಲ್ಲ. ಮಕ್ಕಳಿಗೆ ಕಣ್ಣಿದೆ, ಅವರು ನೋಡುತ್ತಾರೆ. ಡೊಳ್ಳುಹೊಟ್ಟೆಯನ್ನೂ ಮೆಳ್ಳೆಗಣ್ಣನ್ನೂ ತೊನ್ನಿನ ಕಲೆಗಳನ್ನೂ ಬೋಳುತಲೆಯನ್ನೂ, ಹೊಸ ಬಗೆಯ ಹಕ್ಕಿಯೊಂದನ್ನು ಕಂಡಷ್ಟೇ ಕುತೂಹಲದಿಂದ ಕಾಣುತ್ತಾರೆ. ವ್ಯತ್ಯಾಸವನ್ನು ಕಾಣಲು ಯಾರೂ ಅವರಿಗೆ ಕಲಿಸಬೇಕಾಗಿಲ್ಲ. ವ್ಯತ್ಯಾಸಕ್ಕೆ ಬೆಲೆ ಕಟ್ಟುವುದನ್ನು ಮಾತ್ರ ಕಲಿಸಬೇಕು. ಆ ಪಾಠವನ್ನು ಅಂದು ಆ ಹಜಾರದಲ್ಲಿ ನಕ್ಕವರು ಕಲಿಸಿದರು. ಹುಡುಗನ ಪ್ರಶ್ನೆಗೂ ಹುಡುಗಿಯ ಕಣ್ಣೀರಿಗೂ ನಡುವೆ ನಿಂತದ್ದು ಆ ನಗು. ಅದು ಇಲ್ಲದಿದ್ದರೆ ಹುಡುಗಿ “ಮಾಡಿಸ್ತಾರಲ್ಲ, ಇವತ್ತು ಎಣ್ಣೆನೀರು ಹಾಕಿದಾರೆ” ಎಂದು ಉತ್ತರ ಕೊಟ್ಟು ಒಬ್ಬಟ್ಟಿನ ಕಡೆಗೆ ನಡೆದುಬಿಡುತ್ತಿದ್ದಳೋ ಏನೋ. ನಕ್ಕವರು ಯಾರೂ ಮರುದಿನದ ಜಗಳಕ್ಕೆ ಸಾಕ್ಷಿಯಾಗಿ ಬರಲಿಲ್ಲ. ಯಾರೂ ಅವರನ್ನು ಕರೆಯಲೂ ಇಲ್ಲ.

ಬಸುರಿಗೆ ಮಗು ಬೆಳ್ಳಗೆ ಹುಟ್ಟಲೆಂದು ಕೇಸರಿ ಹಾಲು ಕೊಡುವ ಜನ ನಾವು. ಹೆರಿಗೆಯ ಸುದ್ದಿ ಬಂದೊಡನೆ ಗಂಡೋ ಹೆಣ್ಣೋ ಎಂದು ಕೇಳಿ, ಎರಡನೆಯ ಪ್ರಶ್ನೆಯಾಗಿ ಬಣ್ಣವನ್ನು ವಿಚಾರಿಸುತ್ತೇವೆ. ಬಿಳುಪನ್ನು ಚೆಲುವಿಗೆ ಪರ್ಯಾಯವಾಗಿ ಮಾರಿದ ಫೇರ್ ಅಂಡ್ ಲವ್ಲಿ ಎಂಬ ಲೇಪನ 1975ರಲ್ಲಿ ಪೇಟೆಗೆ ಬಂದು, 2020ರಲ್ಲಿ ತನ್ನ ಹೆಸರಿನ ಮೊದಲ ಪದವನ್ನು ಬದಲಿಸಿಕೊಳ್ಳುವವರೆಗೆ ಎರಡು ತಲೆಮಾರಿನ ಹೆಣ್ಣುಮಕ್ಕಳು ಅದರ ಜಾಹೀರಾತನ್ನು ನೋಡಿಕೊಂಡೇ ಬೆಳೆದರು. ವರಮಹಾಲಕ್ಷ್ಮಿಯ ಹಬ್ಬವಾದ ಕೆಲವೇ ದಿನಗಳಿಗೆ ಅದೇ ಮನೆಗಳಲ್ಲಿ ಗೋಕುಲಾಷ್ಟಮಿ ಬರುತ್ತದೆ. ಮೇಘದ ಬಣ್ಣದ ದೇವರ ಪುಟ್ಟ ಹೆಜ್ಜೆಗಳನ್ನು ಬಾಗಿಲಿನಿಂದ ದೇವರಮನೆಯವರೆಗೆ ರಂಗವಲ್ಲಿಯಲ್ಲಿ ಬರೆಯುತ್ತೇವೆ. ಪೂಜಿಸುವಾಗ ಕಪ್ಪು ಸುಂದರ. ಸೊಸೆಯನ್ನು ಹುಡುಕುವಾಗ ಅಲ್ಲ. ಮಕ್ಕಳು ಈ ಎರಡು ನಾಲಗೆಯನ್ನು ಬಹುಬೇಗ ಕಲಿತುಬಿಡುತ್ತಾರೆ.

ಅದಾದ ಮೇಲೆ ಭಾದ್ರಪದದ ಚೌತಿ. ಮೋದಕವನ್ನು ತಿಂದು ತುಂಬಿದ ಹೊಟ್ಟೆಗೆ ಹಾವನ್ನು ಬಿಗಿದುಕೊಂಡ ಗಣಪತಿಯನ್ನು ಕಂಡು, ತನ್ನ ಚೆಲುವಿನ ಗರ್ವದಲ್ಲಿದ್ದ ಚಂದ್ರನು ನಕ್ಕ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ನಿನ್ನನ್ನು ನೋಡಿದವರಿಗೆಲ್ಲ ಅಪವಾದ ಬರಲೆಂದು ಗಣಪತಿಯು ಮೊದಲು ಶಪಿಸಿದ್ದು ಸರ್ವಕಾಲಕ್ಕೆ. ದೇವತೆಗಳು ಬೇಡಿಕೊಂಡ ಮೇಲೆ ಆ ಶಾಪವು ವರ್ಷಕ್ಕೆ ಒಂದು ರಾತ್ರಿಗೆ ಇಳಿಯಿತು. ನೊಂದವರ ಕೋಪ ನ್ಯಾಯವಾದದ್ದೆಂದೂ, ಅದಕ್ಕೊಂದು ಮಿತಿಯಿರಬೇಕೆಂದೂ, ಮಿತಿಯನ್ನು ಹಾಕಿಸಲು ಹಿತೈಷಿಗಳು ನಡುವೆ ಬಂದು ಬೇಡಬೇಕೆಂದೂ ಈ ಕಥೆಯಿಂದ ನಾನು ತಿಳಿಯುತ್ತೇನೆ. ಎದುರುಬದುರು ಮನೆಗಳ ಜಗಳದಲ್ಲಿ ಚಂದ್ರನ ಸ್ಥಾನದಲ್ಲಿ ನಿಂತಿದ್ದವರು ನಕ್ಕ ಹಿರಿಯರೇ ಹೊರತು ಕೇಳಿದ ಹುಡುಗನಲ್ಲ. ನಡುವೆ ಬಂದು ಬೇಡಬೇಕಾದ ದೇವತೆಗಳ ಸ್ಥಾನವೂ ಅವರದೇ ಆಗಿತ್ತು. ಎರಡನ್ನೂ ಬಿಟ್ಟು ಅವರು ತಾಂಬೂಲವನ್ನು ಹಿಡಿದುಕೊಂಡು ಮನೆಗೆ ಹೋದರು.

“ಇಷ್ಟು ಸಣ್ಣ ವಿಷಯಕ್ಕೆ” ಎಂಬ ಮಾತು ಈ ಜಗಳಗಳಲ್ಲಿ ತಪ್ಪದೆ ಬರುತ್ತದೆ. ತಮಿಳಿನ ಕಂಬನ ರಾಮಾಯಣದಲ್ಲಿ, ಬಾಲಕನಾದ ರಾಮನು ಆಟದ ಬಿಲ್ಲಿನಿಂದ ಮಣ್ಣಿನ ಉಂಡೆಗಳನ್ನು ತನ್ನ ಗೂನುಬೆನ್ನಿಗೆ ಹೊಡೆದದ್ದನ್ನು ಮಂಥರೆಯು ಪಟ್ಟಾಭಿಷೇಕದ ಕಾಲದವರೆಗೂ ನೆನಪಿಟ್ಟುಕೊಂಡಿರುತ್ತಾಳೆ. ಕವಿಯು ರಾಮನನ್ನು ದೂಷಿಸಲಿಲ್ಲ. ಆದರೆ ಹುಡುಗಾಟದ ಏಟು ಎಷ್ಟು ಆಳಕ್ಕೆ ಇಳಿಯಬಲ್ಲುದೆಂಬುದನ್ನು ಮುಚ್ಚಿಡಲೂ ಇಲ್ಲ. ಮಕ್ಕಳು ಮರೆತುಬಿಡುತ್ತಾರೆಂಬ ಸಮಾಧಾನ ಆಡಿದ ಮಗುವಿನ ಮಟ್ಟಿಗೆ ನಿಜವಿರಬಹುದು. ಕೇಳಿಸಿಕೊಂಡ ಮಗುವಿನ ಪರವಾಗಿ ಹಾಗೆ ಹೇಳಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ಅಧಿಕಾರದ ಈ ಪ್ರಶ್ನೆ ಕ್ಷಮೆಯ ವಿಷಯದಲ್ಲಿ ಇನ್ನೂ ಗಹನವಾಗುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಬೇತೇಲಿನ ದಾರಿಯಲ್ಲಿ ಹುಡುಗರು ಬೋಳುತಲೆಯೆಂದು ಅಣಕಿಸಿದಾಗ ಪ್ರವಾದಿಯಾದ ಎಲೀಷನು ಅವರನ್ನು ಶಪಿಸಿದನೆಂದೂ, ಕಾಡಿನಿಂದ ಎರಡು ಹೆಣ್ಣುಕರಡಿಗಳು ಬಂದು 42 ಹುಡುಗರನ್ನು ಸೀಳಿಹಾಕಿದವೆಂದೂ ಇದೆ. ವ್ಯಾಖ್ಯಾನಕಾರರು ಶತಮಾನಗಳಿಂದ ಇದಕ್ಕೆ ಸಮಾಧಾನ ಹುಡುಕುತ್ತ ಬಂದಿದ್ದಾರೆ. ಬೌದ್ಧ ಕಥಾಸಾಹಿತ್ಯದಲ್ಲಿ ಬರುವ ಲಕುಂಟಕ ಭದ್ದಿಯನ ನಡತೆ ಬೇರೆ. ಅವನು ಕುಳ್ಳದೇಹದ ಭಿಕ್ಷು, ಮಧುರಕಂಠರಲ್ಲಿ ಅಗ್ರಗಣ್ಯನೆಂದು ಬುದ್ಧನಿಂದಲೇ ಹೊಗಳಿಸಿಕೊಂಡವನು. ಬಾಲಭಿಕ್ಷುಗಳು ಕಿವಿ ಮೂಗು ಹಿಡಿದೆಳೆದು ಕೀಟಲೆ ಮಾಡಿದರೂ ಅವನು ಮುನಿಯಲಿಲ್ಲ. ಇವರಿಬ್ಬರಲ್ಲಿ ನಮ್ಮ ಮನಸ್ಸು ಯಾರ ಕಡೆಗೆ ಒಲಿಯುವುದೆಂಬುದು ಸ್ಪಷ್ಟ. ಆದರೆ ಭದ್ದಿಯನು ಸೈರಿಸಿದ್ದು ತನಗಾದ ನೋವನ್ನು. ಅದು ಅವನ ಸ್ವತ್ತು, ಬಿಟ್ಟುಕೊಡುವುದು ಅವನ ಔದಾರ್ಯ. ಇನ್ನೊಬ್ಬರಿಗಾದ ನೋವನ್ನು ನಾನು ಸೈರಿಸಿದೆನೆಂದರೆ ಅದರಲ್ಲಿ ಔದಾರ್ಯವೆಲ್ಲಿ ಬಂತು? ನೆರೆಹೊರೆಯ ಸೌಹಾರ್ದಕ್ಕಾಗಿ ತಾಯಿಯೊಬ್ಬಳು “ಪರವಾಗಿಲ್ಲ ಬಿಡಿ, ಮಕ್ಕಳು” ಎಂದು ನಗುತ್ತ ಹೇಳಿದಾಗ, ಪಕ್ಕದಲ್ಲಿ ನಿಂತ ಮಗಳ ಸ್ವತ್ತನ್ನು ಅವಳನ್ನು ಕೇಳದೆಯೇ ದಾನಮಾಡಿದಂತಾಗುತ್ತದೆ. ಮಗಳು ಅದನ್ನು ನೋಡುತ್ತಿರುತ್ತಾಳೆ. ಆದುದರಿಂದ ಎದುರುಮನೆಯ ಬಾಗಿಲಿಗೆ ಹೋದ ಆ ತಾಯಿಯ ನಡೆಯನ್ನು ನಾನು ತಪ್ಪೆನ್ನಲಾರೆ. ಹೋದದ್ದು ಸರಿ, ಆಪಾದನೆಯನ್ನು ಹಿಡಿದುಕೊಂಡು ಹೋದದ್ದು ಸರಿಯಲ್ಲ. “ನಿನ್ನೆ ರಾತ್ರಿ ನನ್ನ ಮಗಳು ಹೀಗೆ ಮಾಡಿದಳು, ನಿಮಗೆ ತಿಳಿಸಬೇಕೆಂದು ಬಂದೆ” ಎಂದಷ್ಟೇ ಹೇಳಿದ್ದರೆ, ಆ ಉಜ್ಜಿದ ತೋಳಿನ ಸಂಗತಿಯನ್ನು ಕೇಳಿ ಕರಗದ ಹೆಂಗಸು ಆ ಬೀದಿಯಲ್ಲಿರಲಿಲ್ಲ.

ಇನ್ನು ಹುಡುಗನಿಗೆ ತಿದ್ದಿಹೇಳುವ ವಿಷಯ. ರಾಜಗೃಹದಲ್ಲಿ ಅಭಯನೆಂಬ ರಾಜಕುಮಾರನು, ಇತರರಿಗೆ ಅಪ್ರಿಯವಾದ ಮಾತನ್ನು ತಥಾಗತನು ಆಡುವನೆ ಎಂದು ಬುದ್ಧನನ್ನು ಕೇಳಿದ ಪ್ರಸಂಗ ಪಾಳಿಯ ಮಜ್ಝಿಮನಿಕಾಯದಲ್ಲಿದೆ. ಆಗ ರಾಜಕುಮಾರನ ತೊಡೆಯ ಮೇಲೆ ಒಂದು ಹಸುಳೆ ಮಲಗಿತ್ತು. ಈ ಮಗು ಕಡ್ಡಿಯನ್ನೋ ಕಲ್ಲುಹರಳನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆಯೆಂದು ಬುದ್ಧನು ಕೇಳಲು, ಒಂದು ಕೈಯಿಂದ ತಲೆಯನ್ನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಬಾಗಿಸಿ, ರಕ್ತ ಬಂದರೂ ಸರಿಯೆ ತೆಗೆಯುವೆನು, ಏಕೆಂದರೆ ಮಗುವಿನ ಮೇಲೆ ನನಗೆ ಅನುಕಂಪೆಯಿದೆ ಎಂದು ಅಭಯನು ಉತ್ತರಕೊಟ್ಟನು. ಸತ್ಯವಾಗಿಯೂ ಹಿತವಾಗಿಯೂ ಇರುವ ಅಪ್ರಿಯವಚನವನ್ನು ತಥಾಗತನು ಕಾಲವರಿತು ಆಡುತ್ತಾನೆಂದು ಬುದ್ಧನು ವಿವರಿಸಿದನು. ಈ ಸಂವಾದವನ್ನು ನೆನೆದಾಗಲೆಲ್ಲ, ತೆಗೆಯುವ ಬೆರಳಿಗಿಂತ ತಲೆಯನ್ನು ಹಿಡಿದ ಆ ಮೊದಲ ಕೈ ನನ್ನ ಗಮನವನ್ನು ಸೆಳೆಯುತ್ತದೆ. ಹರಳಿನ ಮೇಲೆ ಕೋಪಿಸಿಕೊಂಡು ಮಗುವನ್ನು ಹೊಡೆಯುವವರಿಲ್ಲ. ಮಾತಿನ ವಿಷಯಕ್ಕೆ ಬಂದರೆ ನಾವು ಮಾಡುವುದು ಅದೇ.

ಹುಡುಗನ ಬಾಯಿಗೆ ಕೈ ಅಡ್ಡವಿಟ್ಟು “ಶ್! ಹಾಗೆಲ್ಲ ಅನ್ನಬಾರದು” ಎಂದು ಪಿಸುಗುಟ್ಟುವುದು ಕೂಡ ತಿದ್ದುವುದಲ್ಲ. ಅನ್ನಬಾರದಂಥದ್ದು ಏನೋ ಆ ಹುಡುಗಿಯ ಮೈಯಲ್ಲಿದೆ, ಅದು ನಾಚಿಕೆಗೇಡಿನದು, ಎಂದು ಪಿಸುಮಾತು ಕಲಿಸುತ್ತದೆ. ಅವನು ಕೇಳಿದ್ದು ಪ್ರಶ್ನೆ. ಪ್ರಶ್ನೆಗೆ ಉತ್ತರ ಕೊಡತಕ್ಕದ್ದು. ಒಬ್ಬೊಬ್ಬರ ಚರ್ಮ ಒಂದೊಂದು ಬಣ್ಣ, ಅದು ತಂದೆತಾಯಿ ಅಜ್ಜ ಅಜ್ಜಿಯರಿಂದ ಬರುತ್ತದೆ, ಮಣ್ಣಿನ ಹಾಗೆ ತೊಳೆದರೆ ಹೋಗುವಂಥದ್ದಲ್ಲ, ಹೋಗಬೇಕಾದ್ದೂ ಅಲ್ಲ ಎಂದು ಆ ಹಜಾರದಲ್ಲಿಯೇ, ಸಹಜವಾದ ಧ್ವನಿಯಲ್ಲಿ, ಇಬ್ಬರು ಮಕ್ಕಳಿಗೂ ಕೇಳುವಂತೆ ಹೇಳಬಹುದಾಗಿತ್ತು. ಆಮೇಲೆ, ಬಂದವರೆಲ್ಲ ಹೋದ ಬಳಿಕ, ಹುಡುಗನನ್ನು ಹತ್ತಿರ ಕುಳ್ಳಿರಿಸಿಕೊಂಡು, ನೀನು ಕೇಳಿದಾಗ ಅವಳ ಮುಖ ಸಣ್ಣದಾಯಿತು, ನೋಡಿದೆಯಾ ಎಂಬುದೊಂದು ಮಾತು. ಕಂಡದ್ದನ್ನು ಕೇಳುವುದಕ್ಕೂ, ಕೇಳಿದ್ದು ಇನ್ನೊಬ್ಬರಲ್ಲಿ ಏನು ಮಾಡಿತೆಂದು ನೋಡುವುದಕ್ಕೂ ಬೇರೆ ಬೇರೆ ಕಣ್ಣು ಬೇಕು. ಮೊದಲನೆಯದು ಹುಟ್ಟಿನಿಂದ ಬರುತ್ತದೆ, ಎರಡನೆಯದನ್ನು ತೆರೆಸುವುದು ಹೆತ್ತವರ ಕೆಲಸ. ಋಣ ತೀರುವುದು ಹೀಗೆ ಎಂದು ನನ್ನ ನಂಬಿಕೆ. ಆ ಎರಡನೆಯ ಕಣ್ಣು ತೆರೆದ ದಿನ ಹುಡುಗ ತಾನಾಗಿಯೇ ಎದುರುಮನೆಗೆ ಹೋದಾನು. ಹೋಗದಿದ್ದರೂ, ಬಲವಂತದ ಕ್ಷಮಾಯಾಚನೆಗಿಂತ ಆ ಮೌನವೇ ಲೇಸು.

ನೊಂದ ಮಗುವನ್ನು ಈ ಗಲಾಟೆಯಲ್ಲಿ ಎಲ್ಲರೂ ಮರೆಯುತ್ತಾರೆ. ಆ ರಾತ್ರಿ ಬಚ್ಚಲುಮನೆಯಲ್ಲಿ ಮಗಳನ್ನು ಕಂಡ ತಾಯಿಗೆ ಮೊದಲು ತೋಚುವ ಸಮಾಧಾನ, “ಯಾರು ಹೇಳಿದ್ದು ನೀನು ಕಪ್ಪಂತ? ನೀನು ಎಣ್ಣೆಗೆಂಪು ಕಣೆ” ಎಂಬುದು. ಪ್ರೀತಿಯಿಂದ ಹುಟ್ಟಿದ ಸುಳ್ಳು ಇದು. ಆದರೆ ಕಪ್ಪಾಗಿದ್ದರೆ ಅಳತಕ್ಕದ್ದೇ ಎಂಬ ಒಪ್ಪಿಗೆ ಅದರೊಳಗೆ ಅಡಗಿದೆ. ಆ ಹುಡುಗ ಕೆಟ್ಟವನೆಂಬ ಎರಡನೆಯ ಸಮಾಧಾನವೂ ಅಷ್ಟೇ ಬಡವಾದದ್ದು. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ತಾಯಿ ಸುಜಾತೆಯು ಮಾಡಿದ್ದನ್ನು ನಾನು ಇಲ್ಲಿ ನೆನೆಯುತ್ತೇನೆ. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ಎಂಟು ಕಡೆ ಸೊಟ್ಟಾದ ದೇಹದಿಂದ ಹುಟ್ಟಿದ ಆ ಹುಡುಗನು ತಾತನಾದ ಉದ್ದಾಲಕನನ್ನೇ ತಂದೆಯೆಂದೂ, ಓರಗೆಯವನಾದ ಸೋದರಮಾವ ಶ್ವೇತಕೇತುವನ್ನು ಅಣ್ಣನೆಂದೂ ತಿಳಿದು ಬೆಳೆಯುತ್ತಿದ್ದನು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ದಿನ ಅವನು ಉದ್ದಾಲಕನ ತೊಡೆಯ ಮೇಲೆ ಕುಳಿತಿರಲು, ಶ್ವೇತಕೇತುವು ಕೈಹಿಡಿದು ಎಳೆದು, ಇದು ನಿನ್ನ ತಂದೆಯ ತೊಡೆಯಲ್ಲವೆಂದನು. ದೇಹದ ವಕ್ರತೆಯನ್ನು ಕುರಿತ ಮಾತಲ್ಲ ಅದು. ಆದರೆ ಸತ್ಯವಾದದ್ದು, ಹುಡುಗನು ಹುಡುಗನಿಗೆ ಆಡಿದ್ದು, ಎದೆಗೆ ನಾಟಿದ್ದು. ಅಳುತ್ತ ಬಂದು, ನನ್ನ ತಂದೆಯೆಲ್ಲಿ ಎಂದು ಕೇಳಿದ ಮಗನಿಗೆ ಸುಜಾತೆಯು ಕಥೆ ಕಟ್ಟಿ ಹೇಳಲಿಲ್ಲ. ತಮ್ಮನನ್ನು ಬೈಯಲೂ ಇಲ್ಲ. ಅವನ ತಂದೆಯಾದ ಕಹೋಡನು ಜನಕನ ಆಸ್ಥಾನದಲ್ಲಿ ವಂದಿಯೆಂಬ ವಿದ್ವಾಂಸನೊಡನೆ ವಾದಕ್ಕೆ ನಿಂತು ಸೋತು ನೀರಿನಲ್ಲಿ ಮುಳುಗಿಸಲ್ಪಟ್ಟುದನ್ನು, ಅಷ್ಟು ವರ್ಷ ಮುಚ್ಚಿಟ್ಟಿದ್ದುದನ್ನು, ಪೂರ್ತಿಯಾಗಿ ಹೇಳಿಬಿಟ್ಟಳು. ಅಂದು ರಾತ್ರಿ ಅಷ್ಟಾವಕ್ರನು ಜನಕನ ಯಜ್ಞಕ್ಕೆ ಹೋಗೋಣವೆಂದು ಕರೆದದ್ದು ಯಾರನ್ನು? ಅದೇ ಶ್ವೇತಕೇತುವನ್ನು. ಮಾತು ಆಡಿದವನೂ ಮಾತಿನಿಂದ ನೊಂದವನೂ ಒಟ್ಟಿಗೆ ಹೊರಟರು. ಉದ್ದಾಲಕನ ಮನೆಯಲ್ಲಿ ಹಿರಿಯರು ಯಾರ ಪಕ್ಷವನ್ನಾದರೂ ವಹಿಸಿ ಕೂಗಾಡಿದರೆಂದು ವ್ಯಾಸರು ಬರೆದಿಲ್ಲ.

ಅಷ್ಟಾವಕ್ರನು ವಂದಿಯನ್ನು ಗೆದ್ದು ತಂದೆಯನ್ನು ಬಿಡಿಸಿಕೊಂಡು ಬಂದ ಮೇಲೆ, ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಎದ್ದಾಗ ಅವನ ಅಂಗಗಳು ನೇರವಾದವೆಂದು ಆಖ್ಯಾನ ಮುಗಿಯುತ್ತದೆ. ಈ ಮುಕ್ತಾಯದ ಬಗ್ಗೆ ನನಗೆ ಸಂಕೋಚವಿದೆ. ತೋಳನ್ನು ಉಜ್ಜಿಕೊಳ್ಳುತ್ತಿರುವ ಹುಡುಗಿಗೆ ಈ ಕಥೆಯನ್ನು ಹೇಳಹೊರಟ ತಾಯಿಯು, ಮೈಯನ್ನು ತಿದ್ದುವ ನದಿಯೊಂದು ಎಲ್ಲೋ ಇದೆಯೆಂಬ ಆಸೆಯನ್ನು ಅವಳಲ್ಲಿ ಹುಟ್ಟಿಸಿದರೆ ಅನ್ಯಾಯವಾಗುತ್ತದೆ. ದ್ವಾರಪಾಲಕನು ಹುಡುಗರಿಗೆ ಪ್ರವೇಶವಿಲ್ಲವೆಂದು ತಡೆದಾಗ ಅವನಿಗೆ ಉತ್ತರಕೊಟ್ಟದ್ದು, ಜನಕನ ಪ್ರಶ್ನೆಗಳನ್ನು ಬಿಡಿಸಿದ್ದು, ತಂದೆಯನ್ನು ಸೋಲಿಸಿದ ವಿದ್ವಾಂಸನನ್ನು ಸಭೆಯಲ್ಲಿ ಸೋಲಿಸಿದ್ದು, ಇದೆಲ್ಲವೂ ನಡೆದದ್ದು ನದಿಗೆ ಇಳಿಯುವ ಮೊದಲು, ಎಂಟು ಕಡೆ ಬಾಗಿದ ಆ ದೇಹದಲ್ಲಿಯೇ. ಅವನ ಹೆಸರಿನಲ್ಲಿ ಅದ್ವೈತದ ಗೀತೆಯೊಂದನ್ನು ರಚಿಸಿದ ಮುಂದಿನ ಕಾಲದವರೂ ಅವನನ್ನು ಅಷ್ಟಾವಕ್ರನೆಂದೇ ಕರೆದರು. ತಾಯಿಯು ಕಥೆಯನ್ನು ಜನಕನ ಸಭೆಯಲ್ಲಿಯೇ ನಿಲ್ಲಿಸಿ, ಮಗಳು ಏನು ಕೇಳುತ್ತಾಳೋ ಅದಕ್ಕೆ ಕಾಯಬಹುದು.